ಸಂಜೆ ಐದಕ್ಕೆ ಶೂಟಿಂಗ್, ರಾತ್ರಿ 11:35ಕ್ಕೆ ಪ್ರಸಾರ: ಲೇಟ್ ನೈಟ್ ಟಾಕ್ ಶೋ ಗಡಿಯಾರಕ್ಕೆ ಕೂರುವುದು ಹೇಗೆ

ಅಮೆರಿಕದ ಲೇಟ್ ನೈಟ್ ಟಾಕ್ ಶೋಗಳನ್ನು ನಾವು ನೋಡುವುದು ಯೂಟ್ಯೂಬ್‌ನಲ್ಲಿ, ತುಣುಕು ತುಣುಕಾಗಿ. ಹಾಗಾಗಿ ಒಂದು ವಿಷಯ ಗಮನಕ್ಕೇ ಬರುವುದಿಲ್ಲ. ಆ ತುಣುಕುಗಳಲ್ಲಿ ಹೆಚ್ಚಿನವು ಒಂದೇ ಸಂಜೆ, ಒಂದರ ಹಿಂದೊಂದು, ಒಂದೇ ಓಟದಲ್ಲಿ ಶೂಟ್ ಆಗಿರುತ್ತವೆ. ಜಾಹೀರಾತು ಬರುವ ಜಾಗದಲ್ಲಿ ಸ್ಟುಡಿಯೋದಲ್ಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಒಂದು ಗಂಟೆಯ ಕಾರ್ಯಕ್ರಮದ ಶೂಟಿಂಗ್ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಈ ಪದ್ಧತಿಗೆ ಲೈವ್ ಟು ಟೇಪ್ ಅನ್ನುತ್ತಾರೆ: ಲೈವ್ ಅಂದುಕೊಂಡೇ ರೆಕಾರ್ಡ್ ಮಾಡುವುದು.

ಈ ಶೋಗಳಲ್ಲಿ ಜೋಕ್ ಬರೆಯುವುದಕ್ಕೂ ಮೊದಲೇ ಗಡಿಯಾರ ಸಿದ್ಧವಾಗಿರುತ್ತದೆ. ಎಡಿಟರ್‌ಗೆ ಕೆಲಸವನ್ನೇ ಉಳಿಸಬಾರದು, ಎಲ್ಲ ಫ್ಲೋರ್ ಮೇಲೇ ಮುಗಿಯಬೇಕು. ಅದು ಗುರಿ. ನೀವೇ ಇಂಥ ಒಂದು ಶೋದ ನಿರ್ಮಾಪಕರು, ಜಾಗ ನ್ಯೂಯಾರ್ಕ್, ಇವತ್ತು ಸೋಮವಾರ ಅಂದುಕೊಳ್ಳಿ. ಬೆಳಗ್ಗೆಯಿಂದ ಶುರು ಮಾಡೋಣ.

ಮೊದಲು ಸ್ಲಾಟ್ ಅರ್ಥ ಮಾಡಿಕೊಳ್ಳಿ

11:35 ಅನ್ನುವುದು ವಿಚಿತ್ರ ಹೊತ್ತು, ಅಲ್ವಾ? 11:30 ಯಾಕಲ್ಲ? ಅಮೆರಿಕದಲ್ಲಿ ದೇಶಕ್ಕೆಲ್ಲ ಶೋ ಕೊಡುವ ನೆಟ್‌ವರ್ಕ್ ಬೇರೆ, ಅದನ್ನು ಪ್ರಸಾರ ಮಾಡುವ ಊರೂರಿನ ಸ್ಟೇಷನ್ ಬೇರೆ. ರಾತ್ರಿ 11 ಗಂಟೆಗೆ ಪ್ರತಿ ಊರಿನ ಸ್ಟೇಷನ್ ತನ್ನದೇ ಸುದ್ದಿ ಹಾಕುತ್ತದೆ. ಅದು ಮುಗಿದ ಮೇಲೆ ನೆಟ್‌ವರ್ಕ್‌ನ ಶೋ. ಸುದ್ದಿಯ ಹೊತ್ತಿನ ಜಾಹೀರಾತಿನ ದುಡ್ಡು ಆ ಸ್ಟೇಷನ್‌ಗಳಿಗೆ ಸೇರುವುದರಿಂದ ಇನ್ನೈದು ನಿಮಿಷ ಸಿಕ್ಕರೆ ಅವರಿಗೆ ಲಾಭ. 1991ರಲ್ಲಿ ಎನ್‌ಬಿಸಿ ನೆಟ್‌ವರ್ಕ್ ಆ ಐದು ನಿಮಿಷ ಬಿಟ್ಟುಕೊಟ್ಟಿತು. ಅದರ ಲೇಟ್ ನೈಟ್ ಶೋ ಆದ ಟುನೈಟ್ ಶೋ 11:35ಕ್ಕೆ ಸರಿಯಿತು.

ಇದಕ್ಕಿಂತ ಹಳೆಯ ಜಗಳವೂ ಒಂದಿದೆ. 1960ರ ದಶಕದಲ್ಲಿ ಜಾನಿ ಕಾರ್ಸನ್ ಅವರ ಟುನೈಟ್ ಶೋ 11:15ಕ್ಕೆ ಶುರುವಾಗುತ್ತಿತ್ತು. ಎಷ್ಟೋ ಸ್ಟೇಷನ್‌ಗಳು ತಮ್ಮ ಸುದ್ದಿಯನ್ನು ಅರ್ಧ ಗಂಟೆಗೆ ಹಿಗ್ಗಿಸಿಕೊಂಡು, 11:30ಕ್ಕೆ ಬಂದು ಸೇರಿಕೊಳ್ಳುತ್ತಿದ್ದವು. ಕಾರ್ಸನ್ ನಿಂತು ಹೇಳುತ್ತಿದ್ದ ಆರಂಭದ ಮಾನೊಲಾಗ್, ಅಂದರೆ ಸಾಲು ಜೋಕ್‌ಗಳು, ಆ ಊರುಗಳ ಜನಕ್ಕೆ ಕಾಣುತ್ತಲೇ ಇರಲಿಲ್ಲ. 1965ರಲ್ಲಿ ಅವರು, ಮೊದಲ ಹದಿನೈದು ನಿಮಿಷ ನಾನು ಬರುವುದೇ ಇಲ್ಲ ಅಂತ ಹಟ ಹಿಡಿದರು. ಜೊತೆಗಾರ ಎಡ್ ಮೆಕ್‌ಮಹೋನ್ ಆ ಹೊತ್ತನ್ನು ಹೇಗೋ ತುಂಬಿಸಿದರು. 1967ರಲ್ಲಿ ಆ ಹದಿನೈದು ನಿಮಿಷವನ್ನೇ ಕಿತ್ತುಹಾಕಬೇಕಾಯಿತು. 2010ರಲ್ಲಿ, ಆಗ ಟುನೈಟ್ ಶೋ ನಡೆಸುತ್ತಿದ್ದ ಕೋನನ್ ಓ'ಬ್ರಿಯನ್ ಅವರ ಶೋವನ್ನು 12:05ಕ್ಕೆ ತಳ್ಳಲು ಎನ್‌ಬಿಸಿ ನೋಡಿದಾಗ ಅವರು ಶೋವನ್ನೇ ಬಿಟ್ಟು ಹೊರಟರು. ಅರ್ಧ ಗಂಟೆಗೆ ಅಷ್ಟು ಬೆಲೆ.

ನಿಮ್ಮ ಲೆಕ್ಕಕ್ಕೆ ಬೇಕಾದ್ದು ಇಷ್ಟು: 11:35ರಿಂದ 12:37, ಒಟ್ಟು 62 ನಿಮಿಷ. 12:37ಕ್ಕೆ ಮುಂದಿನ ಶೋ ಶುರು. ಒಂದು ಸೆಕೆಂಡ್ ಕೂಡ ಯಾರೂ ಸಾಲ ಕೊಡುವುದಿಲ್ಲ.

ಬೆಳಗ್ಗೆ: ಜೋಕ್‌ಗೆ ಮುಂಚೆ ರನ್‌ಡೌನ್

ರನ್‌ಡೌನ್ ಅಂದರೆ ಇಡೀ ಶೋದ ಪಟ್ಟಿ. ಯಾವ ಭಾಗ ಎಷ್ಟು ನಿಮಿಷ, ಎಲ್ಲಿ ಬ್ರೇಕ್, ಎಲ್ಲ ಅದರಲ್ಲಿರುತ್ತದೆ. ಬರಹಗಾರರು ಬೆಳಗಿನ ಸುದ್ದಿ ಓದುತ್ತಾ ಜೋಕ್ ಹೊಸೆಯುವಾಗ ನೀವು ಇದನ್ನು ಹಿಡಿದು ಕೂರಬೇಕು. ಲೆಕ್ಕಕ್ಕೆಂದು ನಾನೇ ಒಂದು ರನ್‌ಡೌನ್ ಮಾಡಿದ್ದೇನೆ. ಜಾಹೀರಾತು, ಪ್ರೊಮೊ, ಸ್ಥಳೀಯ ಬ್ರೇಕ್ ಎಲ್ಲ ಸೇರಿ 19 ನಿಮಿಷ ಅಂತಿಟ್ಟುಕೊಳ್ಳಿ. ಉಳಿಯುವುದು 43 ನಿಮಿಷ.

- ಟೈಟಲ್‌ಗೆ ಮೊದಲಿನ ಚಿಕ್ಕ ತಮಾಷೆ: 1:30
- ಟೈಟಲ್: 0:45
- ಮಾನೊಲಾಗ್: 10:00
- ಮೇಜಿನ ಹಿಂದೆ ಕೂತು ಮಾಡುವ ಐಟಂ: 7:00
- ಮೊದಲ ಅತಿಥಿ, ಒಂದನೇ ಭಾಗ: 7:00
- ಮೊದಲ ಅತಿಥಿ, ಎರಡನೇ ಭಾಗ: 4:30
- ಎರಡನೇ ಅತಿಥಿ: 7:00
- ಹಾಡು: 4:15
- ವಿದಾಯ: 1:00

ಕೂಡಿ ನೋಡಿ, ಸರಿಯಾಗಿ 43. ಒಳ್ಳೆಯ ಸರಕೆಲ್ಲ ಮೊದಲರ್ಧದಲ್ಲೇ ಇರುವುದನ್ನು ಗಮನಿಸಿ. ಹಗಲಿಡೀ ದುಡಿದವರು 12 ಗಂಟೆಗೆ ನಿದ್ದೆ ಹೋಗುತ್ತಾರೆ. ಹಾಡು ಕೊನೆಗೆ ಬರುವುದಕ್ಕೆ ಇದೂ ಒಂದು ಕಾರಣ. ಅದಕ್ಕಿಂತ ಗಟ್ಟಿ ಕಾರಣ ಬೇರೆ: ಹಾಡಿನ ಉದ್ದ ಮೊದಲೇ ಗೊತ್ತಿರುತ್ತದೆ. ಮಾತು ಹಿಗ್ಗುತ್ತದೆ, ಹಾಡು ಹಿಗ್ಗುವುದಿಲ್ಲ. ಕೆಲವೊಮ್ಮೆ ಹಾಡನ್ನು ಶೋಗೆ ಮುಂಚೆಯೋ ಆಮೇಲೋ ಬೇರೆಯಾಗಿ ಶೂಟ್ ಮಾಡಿ ತಂದು ಜೋಡಿಸುತ್ತಾರೆ. ಮೈಕು, ಡ್ರಮ್ಸ್ ಜೋಡಿಸಲು ಎರಡು ನಿಮಿಷದ ಬ್ರೇಕ್ ಸಾಕಾಗದಿದ್ದರೆ ಬೇರೆ ದಾರಿ ಇಲ್ಲ.

ಹಿಂದಿನಿಂದ ಎಣಿಸುವುದು

ಇಡೀ ಕೆಲಸದ ಬೆನ್ನೆಲುಬು ಇದು, ನಿಧಾನವಾಗಿ ನೋಡೋಣ. ಶುರುವಿನಿಂದ ಕೂಡುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಎಂದು ಹೇಳಲಾಗದು. ಮುಗಿಯುವ ಹೊತ್ತು ಗಟ್ಟಿ. ಅದರಿಂದ ಹಿಂದಕ್ಕೆ ಕಳೆಯುತ್ತಾ ಬನ್ನಿ.

ಶೋ ಮುಗಿಯಬೇಕಾದ್ದು 12:37:00ಕ್ಕೆ. ವಿದಾಯ ಒಂದು ನಿಮಿಷ, ಅಂದರೆ ಅದು 12:36:00ಕ್ಕೆ ಶುರುವಾಗಬೇಕು. ಅದಕ್ಕೆ ಮುಂಚಿನ ಬ್ರೇಕ್ ಎರಡು ನಿಮಿಷ ಅನ್ನೋಣ, 12:34:00. ಹಾಡು 4:15, ಅಂದರೆ 12:29:45ಕ್ಕೆ ಮೊದಲ ಸ್ವರ ಬರಬೇಕು. ಅದಕ್ಕೂ ಮುಂಚಿನ ಬ್ರೇಕ್ ಮೂರು ನಿಮಿಷ, 12:26:45. ಎರಡನೇ ಅತಿಥಿಗೆ ಏಳು ನಿಮಿಷ, ಅಂದರೆ ಅವರು 12:19:45ಕ್ಕೆ ಪರದೆಯ ಆಚೆಯಿಂದ ಈಚೆಗೆ ಬರಬೇಕು.

ಶೂಟಿಂಗ್ ಶುರುವಾಗುವುದು ಸಂಜೆ 5:00ಕ್ಕೆ ಅಂತಾದರೆ ಎಲ್ಲದರಿಂದ 6 ಗಂಟೆ 35 ನಿಮಿಷ ಕಳೆಯಿರಿ. ಎರಡನೇ ಅತಿಥಿ 5:44:45ಕ್ಕೆ. ಈಗ ನಿಮ್ಮ ಕೈಯಲ್ಲಿ ಎರಡು ಗಡಿಯಾರ. ಒಂದು ಗೋಡೆಯ ಮೇಲಿನದು, ಇನ್ನೊಂದು ಪ್ರಸಾರದ್ದು. ಕಂಟ್ರೋಲ್ ರೂಮಿನಲ್ಲಿ ಒಬ್ಬರ ಕೆಲಸವೇ ಇದು: ಪ್ರತಿ ಭಾಗ ಮುಗಿದಾಗ ನಾವು ಎಷ್ಟು ಹಿಂದಿದ್ದೇವೆ, ಎಷ್ಟು ಮುಂದಿದ್ದೇವೆ ಎಂದು ಕೂಗಿ ಹೇಳುವುದು.

ಮೊದಲ ಅತಿಥಿ ಒಂದೂವರೆ ನಿಮಿಷ ಜಾಸ್ತಿ ಮಾತಾಡಿದರು ಅನ್ನಿ. ಏನು ಮಾಡುತ್ತೀರಿ? ಮೂರು ದಾರಿಗಳಿವೆ. ಅವರ ಎರಡನೇ ಭಾಗವನ್ನು ಮೂರು ನಿಮಿಷಕ್ಕೆ ಇಳಿಸಬಹುದು. ಎರಡನೇ ಅತಿಥಿಯ ಒಂದು ಪ್ರಶ್ನೆ ಹಾರಿಸಬಹುದು. ಇಲ್ಲವೇ ಹಾಗೇ ಬಿಟ್ಟು, ಮಾನೊಲಾಗ್‌ನಲ್ಲಿ ಬಿದ್ದ ಎರಡು ಸಪ್ಪೆ ಜೋಕ್‌ಗಳನ್ನು ಆಮೇಲೆ ಕತ್ತರಿಸಬಹುದು. ನನ್ನನ್ನು ಕೇಳಿದರೆ ಮೂರನೆಯದೇ ಸರಿ. ಚೆನ್ನಾಗಿ ಓಡುತ್ತಿರುವ ಮಾತನ್ನು ಗಡಿಯಾರ ನೋಡಿ ನಿಲ್ಲಿಸುವಂಥ ಪಾಪದ ಕೆಲಸ ಇನ್ನೊಂದಿಲ್ಲ. ಆದರೆ ಈ ಆಯ್ಕೆ ಇರುವುದು ಟೇಪ್ ಇದ್ದಾಗ ಮಾತ್ರ. ಲೈವ್‌ನಲ್ಲಿ ಆಗಿಹೋದದ್ದು ಆಗಿಹೋಯಿತು.

ಹೊತ್ತು ಸಾಲದೆ ಕೊನೆಯ ಅತಿಥಿಯನ್ನು ಕರೆಯದೇ ಕಳಿಸುವುದೂ ಉಂಟು. ಹೆಚ್ಚಾಗಿ ಹೊಸ ಹಾಸ್ಯಗಾರರ ಪಾಲಿಗೇ ಈ ದುರದೃಷ್ಟ. ಇನ್ನೊಬ್ಬ ನಿರೂಪಕ ಜಿಮ್ಮಿ ಕಿಮ್ಮೆಲ್ ಇದನ್ನೇ ತಮ್ಮ ಶೋದ ಖಾಯಂ ತಮಾಷೆ ಮಾಡಿಕೊಂಡರು. ನಟ ಮ್ಯಾಟ್ ಡೇಮನ್ ಅವರನ್ನು ಕರೆದೇ ಇರುವುದಿಲ್ಲ. ಕೊನೆಯಲ್ಲಿ ಮಾತ್ರ, ಕ್ಷಮಿಸಿ, ಮ್ಯಾಟ್ ಡೇಮನ್‌ಗೆ ಟೈಮ್ ಸಾಲಲಿಲ್ಲ ಅನ್ನುತ್ತಾರೆ.

ಅತಿಥಿಯ ಏಳು ನಿಮಿಷ

ಆ ಕುರ್ಚಿಯಲ್ಲಿ ಕೂತು ಆರಾಮಾಗಿ ಹರಟುವ ಹಾಗೆ ಕಾಣುತ್ತದಲ್ಲ, ಅದರ ಹಿಂದೆ ಪ್ರೀ ಇಂಟರ್‌ವ್ಯೂ ಇರುತ್ತದೆ. ಒಂದೆರಡು ದಿನ ಮುಂಚೆ ಸೆಗ್ಮೆಂಟ್ ಪ್ರೊಡ್ಯೂಸರ್ ಫೋನ್ ಮಾಡಿ ಅತಿಥಿಯ ಜೊತೆ ಸುಮ್ನೆ ಮಾತಾಡುತ್ತಾರೆ. ಇತ್ತೀಚೆಗೆ ಎಲ್ಲಿ ಹೋಗಿದ್ದಿರಿ, ಮಕ್ಕಳೇನು ಮಾಡುತ್ತಿದ್ದಾರೆ, ಶೂಟಿಂಗ್‌ನಲ್ಲಿ ಏನಾದರೂ ಎಡವಟ್ಟಾಯಿತಾ? ಬಂದ ಕತೆಗಳಲ್ಲಿ ಮೂರನ್ನು ಆರಿಸುತ್ತಾರೆ. ಪ್ರತಿ ಕತೆಗೆ ಒಂದು ಪ್ರಶ್ನೆ, ಅದರ ಕೆಳಗೆ ಅತಿಥಿ ಏನು ಹೇಳಬಹುದು ಎಂಬ ಒಂದೆರಡು ಸಾಲು. ಇದೇ ನಿರೂಪಕರ ಮೇಜಿನ ಮೇಲಿರುವ ಕಾರ್ಡ್. ಹಿಂದಿನ ನಿರೂಪಕ ಡೇವಿಡ್ ಲೆಟರ್‌ಮನ್ ಕೈಯಲ್ಲಿ ನೀಲಿ ಕಾರ್ಡ್‌ಗಳಿರುತ್ತಿದ್ದವು. ಕೆಲಸ ಮುಗಿದ ಮೇಲೆ ಅವನ್ನು ಹಿಂದಿನ ಸುಳ್ಳು ಕಿಟಕಿಯ ಕಡೆ ಎಸೆಯುತ್ತಿದ್ದರು, ಗಾಜು ಒಡೆದ ಸದ್ದು ಬರುತ್ತಿತ್ತು.

ಮೂರು ಕತೆ ಸಿದ್ಧವಿಡಿ, ಎರಡಕ್ಕೆ ಹೊತ್ತು ಇಡಿ. ಅತ್ಯಂತ ಒಳ್ಳೆಯದನ್ನು ಮೊದಲು ಕೇಳಬೇಡಿ, ಎರಡನೆಯದಾಗಿ ಕೇಳಿ. ಅದರ ನಗು ಇಳಿಯುವ ಮುನ್ನ ಸಿನಿಮಾದ ಕ್ಲಿಪ್ ಹಾಕಿ, ಬ್ರೇಕ್‌ಗೆ ಹೋಗಿ. ಅತಿಥಿ ಬಂದಿರುವುದೇ ಸಿನಿಮಾ ಬಗ್ಗೆ ಹೇಳಲು. ಅದನ್ನು ಹೇಳುವ ಮೊದಲೇ ಹೊತ್ತು ಮುಗಿದರೆ ನಾಳೆಯಿಂದ ಅವರ ಕಡೆಯವರು ನಿಮ್ಮ ಫೋನ್ ಎತ್ತುವುದಿಲ್ಲ.

ಮಧ್ಯಾಹ್ನ: ರಿಹರ್ಸಲ್

ಹತ್ತು ನಿಮಿಷದ ಮಾನೊಲಾಗ್‌ಗೆ ಬೇಕಾದ್ದಕ್ಕಿಂತ ಹಲವು ಪಟ್ಟು ಜೋಕ್ ಬರುತ್ತವೆ, ಹೆಚ್ಚಿನವು ಕಸದ ಬುಟ್ಟಿಗೆ. ಜಿಮ್ಮಿ ಫ್ಯಾಲನ್ ಅವರ ಟುನೈಟ್ ಶೋದಲ್ಲಿ ಮಾನೊಲಾಗ್ ರಿಹರ್ಸಲ್‌ಗೇ ಒಂದು ಸಣ್ಣ ಪ್ರೇಕ್ಷಕರ ಗುಂಪನ್ನು ಕೂರಿಸುತ್ತಾರೆ. ಅವರು ನಗದ ಜೋಕ್ ಸಂಜೆಗೆ ಉಳಿಯುವುದಿಲ್ಲ. ನನಗೆ ಇದು ತುಂಬಾ ಪ್ರಾಮಾಣಿಕ ಪದ್ಧತಿ ಅನ್ನಿಸುತ್ತದೆ. ಬರಹಗಾರರ ಕೋಣೆಯಲ್ಲಿ ನಕ್ಕಿದ್ದಕ್ಕೆ ಬೆಲೆ ಇಲ್ಲ. ಅಲ್ಲಿರುವವರು ಗೆಳೆಯರು.

ಉಳಿದ ಜೋಕ್‌ಗಳು ಕ್ಯೂ ಕಾರ್ಡ್‌ಗೋ ಟೆಲಿಪ್ರಾಂಪ್ಟರ್‌ಗೋ ಹೋಗುತ್ತವೆ. ಫ್ಯಾಲನ್ ಕಾರ್ಡ್ ನೋಡಿ ಹೇಳುತ್ತಾರೆ, ಸ್ಟೀಫನ್ ಕೋಲ್‌ಬೇರ್ ತಮ್ಮ ಲೇಟ್ ಶೋದಲ್ಲಿ ಪ್ರಾಂಪ್ಟರ್ ನೋಡಿ ಹೇಳುತ್ತಿದ್ದರು. ಕಾರ್ಡ್ ಅಂದರೆ ದೊಡ್ಡ ಬಿಳಿ ರಟ್ಟು, ದಪ್ಪ ಮಾರ್ಕರ್‌ನಲ್ಲಿ ಕೈಬರಹ, ಕ್ಯಾಮೆರಾ ಲೆನ್ಸಿನ ಪಕ್ಕಕ್ಕೇ ಹಿಡಿದು ನಿಂತ ಒಬ್ಬ ಮನುಷ್ಯ. ಹಳೇ ಕಾಲದ್ದು ಅನ್ನಿಸಬಹುದು. ಆದರೆ ಕರೆಂಟ್ ಹೋದರೂ, ಕಂಪ್ಯೂಟರ್ ಕೈಕೊಟ್ಟರೂ ರಟ್ಟಿಗೇನೂ ಆಗುವುದಿಲ್ಲ. ನಿರೂಪಕರು ತಡವರಿಸಿದರೆ ಹಿಡಿದವರು ಕಾಯುತ್ತಾರೆ, ಜೋಕ್ ಹಾರಿಸಿದರೆ ಒಂದು ರಟ್ಟನ್ನು ಕೆಳಗೆ ಬಿಡುತ್ತಾರೆ. ಪ್ರಾಂಪ್ಟರ್‌ನ ಅನುಕೂಲ ಒಂದೇ, ಆದರೆ ಅದು ದೊಡ್ಡದು: ಐದು ನಿಮಿಷದ ಹಿಂದೆ ಬಂದ ಸುದ್ದಿಯನ್ನೂ ತುರುಕಬಹುದು.

ಪ್ರೇಕ್ಷಕರನ್ನು ಕೂರಿಸುವುದು

ಟಿಕೆಟ್ ಬಿಟ್ಟಿ. ಬಿಟ್ಟಿ ಟಿಕೆಟ್ ತೆಗೆದುಕೊಂಡವರಲ್ಲಿ ಒಂದಷ್ಟು ಜನ ಬರುವುದೇ ಇಲ್ಲ. ಆದ್ದರಿಂದ ಸೀಟಿಗಿಂತ ಜಾಸ್ತಿ ಟಿಕೆಟ್ ಕೊಡಿ. ಖಾಲಿ ಕುರ್ಚಿ ಕ್ಯಾಮೆರಾಕ್ಕೆ ಕಂಡರೆ ಶೋ ಸತ್ತಂತೆ.

ಫ್ಯಾಲನ್ ಅವರ 6ಬಿ ಸ್ಟುಡಿಯೋ ರಾಕ್‌ಫೆಲ್ಲರ್ ಪ್ಲಾಜಾದ 30ನೇ ನಂಬರ್ ಕಟ್ಟಡದೊಳಗಿದೆ. ಇನ್ನೂರ ಚಿಲ್ಲರೆ ಸೀಟು, ಅಷ್ಟೇ. ಟಿವಿಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ! ಶೂಟಿಂಗ್‌ಗೆ ಮುಂಚೆ ವಾರ್ಮ್ ಅಪ್ ಹಾಸ್ಯಗಾರರು ಬಂದು ಹತ್ತು ಹದಿನೈದು ನಿಮಿಷ ನಗಿಸುತ್ತಾರೆ, ಚಪ್ಪಾಳೆ ಯಾವಾಗ ತಟ್ಟಬೇಕು ಅಂತ ಹೇಳಿಕೊಡುತ್ತಾರೆ. ನಿರೂಪಕರು ಬರುವ ಹೊತ್ತಿಗೆ ಜನ ಆಗಲೇ ಒಂದು ಸುತ್ತು ನಕ್ಕಿರಬೇಕು. ಬ್ರಾಡ್‌ವೇಯ ಎಡ್ ಸಲ್ಲಿವನ್ ಥಿಯೇಟರನ್ನು ಲೆಟರ್‌ಮನ್ ಸ್ವೆಟರ್ ಬೇಕಾಗುವಷ್ಟು ತಣ್ಣಗೆ ಇಡಿಸುತ್ತಿದ್ದರು. ಬೆಚ್ಚಗೆ ಕೂತವರು ತೂಕಡಿಸುತ್ತಾರೆ ಎಂಬುದು ಈ ಕಸುಬಿನ ನಂಬಿಕೆ.

ಐದು ಗಂಟೆ: ರೋಲ್

ಶುರುವಾದ ಮೇಲೆ ನಿಲ್ಲಿಸಬೇಡಿ. ಲೈವ್ ಟು ಟೇಪ್‌ನ ಮೊದಲ ನಿಯಮ ಅದು. ನಿರೂಪಕರು ಒಂದು ಮಾತು ತಪ್ಪಿದರೆ ಅದನ್ನೇ ತಮಾಷೆ ಮಾಡಿಕೊಂಡು ಮುಂದೆ ಹೋಗಲಿ. ತೀರಾ ಕೆಟ್ಟರೆ ಶೋ ಮುಗಿದ ಕೂಡಲೇ, ಜನ ಏಳುವ ಮೊದಲು, ಅದೊಂದು ಸಾಲನ್ನು ಮತ್ತೆ ಹೇಳಿಸಿ ಹಿಡಿದುಕೊಳ್ಳಿ. ಇದಕ್ಕೆ ಪಿಕಪ್ ಅನ್ನುತ್ತಾರೆ. ಒಮ್ಮೆ ನಿಲ್ಲಿಸಿ "ಇನ್ನೊಂದು ಟೇಕ್" ಅಂದಿರೋ, ಮುಂದಿನ ನಗು ಮರ್ಯಾದೆಯ ನಗು ಆಗಿರುತ್ತದೆ.

ಬ್ರೇಕ್‌ನಲ್ಲಿ ಏನಾಗುತ್ತದೆ ಎಂಬುದು ಮನೆಯಲ್ಲಿ ಕೂತವರಿಗೆ ಕಾಣದ ಭಾಗ. ದೀಪ ಸ್ವಲ್ಪ ಬದಲಾಗುತ್ತದೆ, ಬ್ಯಾಂಡ್ ಜೋರಾಗಿ ಶುರು ಮಾಡುತ್ತದೆ. ಫ್ಯಾಲನ್ ಶೋದಲ್ಲಿ ದಿ ರೂಟ್ಸ್ ತಂಡ ಬ್ರೇಕ್ ಪೂರ್ತಿ ನುಡಿಸುವುದನ್ನು ಕೇಳಲಿಕ್ಕೇ ಹೋಗಬೇಕು. ಮೇಕಪ್‌ನವರು ನಿರೂಪಕರ ಹಣೆ ಒತ್ತುತ್ತಾರೆ. ನಿರ್ಮಾಪಕರು ಮೇಜಿನ ಮೇಲೆ ಬಾಗಿ ಕಿವಿಯಲ್ಲಿ ಹೇಳುತ್ತಾರೆ: ಒಂದೂವರೆ ನಿಮಿಷ ಹಿಂದಿದ್ದೇವೆ, ನಾಯಿ ಕತೆ ಬಿಡಿ, ನೇರ ಕ್ಲಿಪ್‌ಗೆ ಹೋಗಿ. ಒಂದು ಕಾರ್ಡ್ ಎಳೆದುಕೊಂಡು ಹೋಗುತ್ತಾರೆ. ಸ್ಟೇಜ್ ಮ್ಯಾನೇಜರ್ ಕ್ಯಾಮೆರಾ ಪಕ್ಕ ನಿಂತು ಮೂವತ್ತು ಸೆಕೆಂಡ್ ಅಂತ ಕೂಗುತ್ತಾರೆ, ಆಮೇಲೆ ಹತ್ತು, ಆಮೇಲೆ ಐದು, ನಾಲ್ಕು, ಮೂರು. ಎರಡು ಮತ್ತು ಒಂದನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳಲ್ಲಿ ತೋರಿಸುತ್ತಾರೆ. ಮೈಕ್ ಆಗಲೇ ಆನ್ ಆಗಿರುತ್ತದೆ.

ಮಾತು ಮುಗಿಸಬೇಕಾದರೆ ಬೆರಳನ್ನು ಗಾಳಿಯಲ್ಲಿ ಸುತ್ತುತ್ತಾರೆ. ಹಿಗ್ಗಿಸಬೇಕಾದರೆ ಎರಡು ಕೈಯಲ್ಲಿ ಏನನ್ನೋ ಎಳೆದ ಹಾಗೆ ಮಾಡುತ್ತಾರೆ. ಒಳ್ಳೆಯ ನಿರೂಪಕರು ಇವನ್ನು ನೋಡಿಯೂ ಅತಿಥಿಯ ಮುಖದಿಂದ ಕಣ್ಣು ತೆಗೆದಂತೆ ಕಾಣುವುದಿಲ್ಲ.

ಆರೂಕಾಲರಿಂದ 11:35ರವರೆಗೆ

ಈ ಐದು ಗಂಟೆ ಜಾಸ್ತಿ ಅನ್ನಿಸಬಹುದು, ಅಲ್ಲ. ಎರಡು ಮೂರು ನಿಮಿಷ ಹೆಚ್ಚಾಗಿರುತ್ತದೆ, ಅದನ್ನು ತೆಗೆಯಬೇಕು. ಪ್ರತಿ ಕ್ಯಾಮೆರಾವನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿರುತ್ತಾರೆ. ಕತ್ತರಿಸಿದ ಜಾಗಕ್ಕೆ ಪ್ರೇಕ್ಷಕರ ಶಾಟ್ ಅಥವಾ ದೂರದ ಶಾಟ್ ಹಾಕಿದರೆ ಗೊತ್ತಾಗುವುದಿಲ್ಲ. ಚಪ್ಪಾಳೆಯ ನಡುವೆ ಕತ್ತರಿಸಿ. ಮಾತಿನ ನಡುವೆ ಕತ್ತರಿಸಿದರೆ ಕಿವಿ ಹಿಡಿದುಬಿಡುತ್ತದೆ. ಬೈಗುಳಕ್ಕೆ ಬೀಪ್, ಸಬ್‌ಟೈಟಲ್, ಜಾಹೀರಾತಿನ ಖಾಲಿ ಜಾಗ, ಎಲ್ಲ ಸೇರಿಸಿ ನೆಟ್‌ವರ್ಕ್‌ಗೆ ಕೊಡಬೇಕು.

ಏನು ಹಾಕಬಹುದು, ಏನು ಹಾಕಬಾರದು ಎಂದು ತೀರ್ಮಾನಿಸುವ ನೆಟ್‌ವರ್ಕ್‌ನ ಸ್ಟ್ಯಾಂಡರ್ಡ್ಸ್ ವಿಭಾಗದವರೂ ನೋಡುತ್ತಾರೆ. ಟೇಪ್ ಇದ್ದಲ್ಲಿ ಕತ್ತರಿಯೂ ಇರುತ್ತದೆ. 1960ರ ಫೆಬ್ರವರಿಯಲ್ಲಿ ಆಗಿನ ಟುನೈಟ್ ಶೋ ನಿರೂಪಕ ಜ್ಯಾಕ್ ಪಾರ್ ಹೇಳಿದ ಒಂದು ಶೌಚಾಲಯದ ಜೋಕನ್ನು ಎನ್‌ಬಿಸಿ ಅವರಿಗೆ ಹೇಳದೆಯೇ ತೆಗೆದುಹಾಕಿತು. ಮರುದಿನ ಅವರು ಕ್ಯಾಮೆರಾ ಮುಂದೆಯೇ ಎದ್ದು ಹೊರಟುಹೋದರು. ಮಾರ್ಚ್ ತನಕ ಬರಲಿಲ್ಲ. 1993ರ ಅಕ್ಟೋಬರ್ 1ರಂದು ಬಿಲ್ ಹಿಕ್ಸ್ ಎಂಬ ಹಾಸ್ಯಗಾರ ಲೆಟರ್‌ಮನ್ ಶೋದಲ್ಲಿ ಮಾಡಿದ ಕಾರ್ಯಕ್ರಮವನ್ನು ಪೂರ್ತಿಯಾಗಿ ಕೈಬಿಟ್ಟರು. ಸ್ಟುಡಿಯೋದಲ್ಲಿ ಜನ ನಕ್ಕಿದ್ದರು, ಮನೆಯಲ್ಲಿ ಯಾರೂ ನೋಡಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಹಿಕ್ಸ್ ತೀರಿಕೊಂಡರು. 2009ರ ಜನವರಿಯಲ್ಲಿ ಲೆಟರ್‌ಮನ್, ಹಿಕ್ಸ್ ಅವರ ತಾಯಿಯನ್ನು ಶೋಗೆ ಕರೆದು, ತಪ್ಪು ತನ್ನದೇ ಎಂದು ಒಪ್ಪಿಕೊಂಡು, ಆ ಟೇಪನ್ನು ಹಾಕಿದರು.

ಶೂಟಿಂಗ್ ಆದ ಮೇಲೆ ಸುದ್ದಿ ಬಂದರೆ

ಟೇಪ್‌ನ ದೊಡ್ಡ ಭಯ ಇದು. 2017ರ ಮೇ 9ರಂದು ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಅವರನ್ನು ವಜಾ ಮಾಡಿದ ಸುದ್ದಿ ಬಂದದ್ದು ಸಂಜೆ, ಕೋಲ್‌ಬೇರ್ ಶೂಟಿಂಗ್‌ನ ಹೊತ್ತಿಗೆ. ಅವರು ಅದನ್ನು ಪ್ರೇಕ್ಷಕರಿಗೆ ಹೇಳಿದರು, ಜನ ಖುಷಿಯಿಂದ ಕೂಗಿದರು. ಕೋಲ್‌ಬೇರ್ ಅದನ್ನೂ ತಮಾಷೆ ಮಾಡಿ ಶೋ ಮುಂದುವರಿಸಿದರು. ಎರಡು ಗಂಟೆ ತಡವಾಗಿ ಬಂದಿದ್ದರೆ ಮಾನೊಲಾಗ್ ಹಳಸಿರುತ್ತಿತ್ತು. ಹೀಗಾದಾಗ ನಿರೂಪಕರನ್ನು ವಾಪಸ್ ಕರೆದು ಆರಂಭದ ತುಣುಕೊಂದನ್ನು ಹೊಸದಾಗಿ ಶೂಟ್ ಮಾಡುವುದು ಒಂದು ದಾರಿ. ದೊಡ್ಡ ರಾತ್ರಿ ಎಂದು ಮೊದಲೇ ಗೊತ್ತಿದ್ದರೆ ಇಡೀ ದಿನವನ್ನೇ ಆರು ಗಂಟೆ ಮುಂದೆ ತಳ್ಳಿ ಲೈವ್ ಹೋಗುವುದು ಇನ್ನೊಂದು. ಚುನಾವಣೆಯ ರಾತ್ರಿಗಳಲ್ಲಿ ಕೋಲ್‌ಬೇರ್ ಹಾಗೆ ಮಾಡಿದ್ದಾರೆ. 2021ರ ಜನವರಿ 6ರಂದು, ಸಂಸತ್ ಭವನಕ್ಕೆ ಗುಂಪು ನುಗ್ಗಿದ ದಿನ, ದಿಢೀರನೆ ಲೈವ್ ಹೋದರು.

ಜಿಮ್ಮಿ ಕಿಮ್ಮೆಲ್ ಅವರ ಶೋದ ಹೆಸರಲ್ಲೇ ಲೈವ್ ಇದೆ. 2003ರಲ್ಲಿ ಶುರುವಾದಾಗ ನಿಜಕ್ಕೂ ಲೈವ್ ಆಗಿತ್ತು. ಹೆಚ್ಚು ದಿನ ನಡೆಯಲಿಲ್ಲ. ಹೆಸರು ಮಾತ್ರ ಉಳಿಯಿತು. ಅವರು ಹಾಲಿವುಡ್‌ನಲ್ಲಿರುವುದರಿಂದ ಅಲ್ಲಿ ಸಂಜೆ 4:30 ಆದಾಗ ನ್ಯೂಯಾರ್ಕ್‌ನಲ್ಲಿ 7:30. ಎಡಿಟಿಂಗ್‌ಗೆ ನ್ಯೂಯಾರ್ಕಿನವರಿಗಿಂತ ಕಡಿಮೆ ಹೊತ್ತು ಸಿಗುತ್ತದೆ.

ಪ್ರಸಾರವೂ ಒಂದೇ ಸಲ ಎಲ್ಲ ಕಡೆ ಆಗುವುದಿಲ್ಲ. ಪೂರ್ವದಲ್ಲಿ 11:35 ಅಂದರೆ ಶಿಕಾಗೋದಲ್ಲಿ ಅದೇ ಹೊತ್ತಿಗೆ 10:35. ಕ್ಯಾಲಿಫೋರ್ನಿಯಾಕ್ಕೆ ಮೂರು ಗಂಟೆ ತಡೆದು ಕಳಿಸುತ್ತಾರೆ. ಟಿವಿಗೆ ವಿಡಿಯೋಟೇಪ್ ಬಂದದ್ದೇ ಈ ಕೆಲಸಕ್ಕೆ: 1956ರಲ್ಲಿ ಸಿಬಿಎಸ್ ನೆಟ್‌ವರ್ಕ್ ಪಶ್ಚಿಮ ಕರಾವಳಿಗೆ ಸುದ್ದಿಯನ್ನು ತಡವಾಗಿ ಹಾಕಲು ಅದನ್ನು ಬಳಸಿತು. ನಮ್ಮ ಗಡಿಯಾರದಲ್ಲಿ, ಅಲ್ಲಿ ಬೇಸಿಗೆಯಿದ್ದಾಗ, ಐದರ ಶೂಟಿಂಗ್ ಅಂದರೆ ನಡುರಾತ್ರಿ 2:30. ಪ್ರಸಾರ ಬೆಳಗ್ಗೆ 9:05. ಚಳಿಗಾಲದಲ್ಲಿ ಎರಡಕ್ಕೂ ಒಂದು ಗಂಟೆ ಸೇರಿಸಿ. ಬೆಂಗಳೂರಿನಲ್ಲಿ ಆಫೀಸಿಗೆ ಹೊರಡುವ ಹೊತ್ತಿಗೆ ಕ್ಲಿಪ್ ಕೈಗೆ ಸಿಗುವುದು ಹೀಗೆ.

ನೋಡಲು ಹೋಗುವವರಿಗೆ

ಮಗನೋ ಮಗಳೋ ನ್ಯೂಜೆರ್ಸಿಯಲ್ಲಿದ್ದು, ಅಲ್ಲಿಗೆ ಹೋದಾಗ ಒಂದು ಶೋ ನೋಡೋಣ ಅನ್ನಿಸಿದರೆ ತಿಂಗಳು ಮುಂಚೆಯೇ ಟಿಕೆಟ್‌ಗೆ ಹೆಸರು ಹಾಕಿ. ಸೋಮವಾರದಿಂದ ಗುರುವಾರದೊಳಗೆ ನೋಡಿಕೊಳ್ಳಿ, ಈಗೀಗ ಶುಕ್ರವಾರ ಹೆಚ್ಚಾಗಿ ಹಳೆಯ ಎಪಿಸೋಡ್ ಹಾಕುತ್ತಾರೆ. ಫೋಟೋ ಇರುವ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ನಡೆಯುತ್ತದೆ. ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ಫ್ಯಾಲನ್ ಶೋಗೆ 16 ತುಂಬಿರಬೇಕು. ಒಳಗೆ ಫೋನ್ ಆಫ್. ಸೀಟಿಗಿಂತ ಜಾಸ್ತಿ ಟಿಕೆಟ್ ಕೊಟ್ಟಿರುತ್ತಾರೆ ಎಂಬುದನ್ನು ಮರೆಯಬೇಡಿ, ಟಿಕೆಟ್ ಇದ್ದೂ ಬಾಗಿಲಲ್ಲಿ ವಾಪಸ್ ಬಂದವರಿದ್ದಾರೆ. ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ, ಹೊಟ್ಟೆಗೆ ಮೊದಲೇ ಏನಾದರೂ ಹಾಕಿಕೊಳ್ಳಿ. ಸಾಲು, ತಪಾಸಣೆ, ವಾರ್ಮ್ ಅಪ್, ಶೂಟಿಂಗ್ ಎಲ್ಲ ಸೇರಿ ಮೂರು ನಾಲ್ಕು ಗಂಟೆ ಹಿಡಿಯುತ್ತದೆ.